ರಂಗಶಾಲೆಯಲ್ಲಿದ್ದಾಗಲೇ ಮ್ಯಾನೇಜರ್ ಹುಡುಕುವುದು ಹೇಗೆ?

ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಶಿರಹಟ್ಟಿಯಲ್ಲಿ ವೆಂಕೋಬರಾಯರ ಕಂಪನಿ ಇದ್ದ ಕಾಲಕ್ಕೆ ನಟನಾಗಬೇಕೆಂಬ ಹುಡುಗ ಸೀದಾ ಬಿಡಾರಕ್ಕೆ ಹೋಗುತ್ತಿದ್ದ. ಊಟ, ತಾಲೀಮು, ಪಾತ್ರ, ಪಗಾರ ಎಲ್ಲವೂ ಮಾಲೀಕರ ಕೈಯಲ್ಲೇ. ಈಗ ಮುಂಡರಗಿ, ಲಕ್ಷ್ಮೇಶ್ವರದ ಹುಡುಗ–ಹುಡುಗಿಯರು ಕಲಿಯಲು ಹೆಗ್ಗೋಡಿನ ನೀನಾಸಂಗೋ ಸಾಣೇಹಳ್ಳಿಗೋ ಹೋಗುತ್ತಾರೆ. ಕೆಲಸ ಮಾತ್ರ ಬೆಂಗಳೂರಿನಲ್ಲಿ.

ಲಂಡನ್ನಿನ ನಾಟಕ ಶಾಲೆಗಳ ಕೊನೆಯ ವರ್ಷದ ಪ್ರದರ್ಶನಕ್ಕೆ ಏಜೆಂಟರೇ ಬಂದು ಕೂರುತ್ತಾರೆ. ಕನ್ನಡದಲ್ಲಿ ಹಾಗಿಲ್ಲ. ಇಲ್ಲಿ ಪಾತ್ರದ ಸುದ್ದಿ ಬರುವುದು ಸಹ ನಿರ್ದೇಶಕರು, ಕಾಸ್ಟಿಂಗ್ ಡೈರೆಕ್ಟರ್ ಮತ್ತು ಅದೇ ಶಾಲೆಯ ಹಿರಿಯರಿಂದ. ನಟರಾದ ಅಚ್ಯುತ್ ಕುಮಾರ್, ನೀನಾಸಂ ಸತೀಶ್ ಇಬ್ಬರೂ ನೀನಾಸಂನಲ್ಲಿ ಕಲಿತು ಸಿನಿಮಾಕ್ಕೆ ಬಂದವರು.

ಕೋರ್ಸಿನ ನಡುವೆ ಹೊರಗಿನ ಕೆಲಸ ಒಪ್ಪಬಹುದೇ ಎಂದು ಮೊದಲು ಶಾಲೆಯ ನಿಯಮ ಕೇಳಿಕೊಳ್ಳಬೇಕು. ಒಬ್ಬರು ಶೂಟಿಂಗಿಗೆ ಹೋದರೆ ಇಡೀ ತಂಡದ ತಾಲೀಮು ನಿಲ್ಲುತ್ತದೆ. ಕೋರ್ಸ್ ನಡೆದಿರುವಾಗ ಮಾಡಬೇಕಾದದ್ದು ತಯಾರಿ: ಮೇಕಪ್, ಫಿಲ್ಟರ್ ಇಲ್ಲದ ಎರಡು ಫೋಟೊ (ಒಂದು ಮುಖದ್ದು, ಒಂದು ಪೂರ್ತಿ ನಿಲುವಿನದು), ಒಂದು ಪುಟದ ಪರಿಚಯ, ಎರಡು ನಿಮಿಷದ ವಿಡಿಯೊ.

ಆ ವಿಡಿಯೊದಲ್ಲಿ ಊರಿನ ಮಾತು ಇರಲೇಬೇಕು. ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳುಗನ್ನಡವೆಂದು ಹೇಳಿಕೊಂಡ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ತೆರೆಯ ಮೇಲೆ ಈ ಸೀಮೆಯ ಮಾತು ಹೆಚ್ಚಾಗಿ ನಗಿಸುವುದಕ್ಕೆ ಬಳಕೆಯಾಗಿದೆ. ಅದೇ ಮಾತಿನಲ್ಲಿ ಬೆಟಗೇರಿಯ ನೇಕಾರನ ಸಂಕಟವನ್ನೋ ಮಗನನ್ನು ಕಳೆದುಕೊಂಡ ತಾಯಿಯ ಮೌನವನ್ನೋ ತೋರಿಸಬಲ್ಲ ವಿದ್ಯಾರ್ಥಿ ಬೇಗ ನೆನಪಿನಲ್ಲಿ ಉಳಿಯುತ್ತಾರೆ. ಜೊತೆಗೆ ಮೈಸೂರು ಕಡೆಯ ಮಾತಿನ ಒಂದು ತುಣುಕಿದ್ದರೆ ಸಾಕು.

ಕೋರ್ಸಿನ ಕೊನೆಯ ನಾಟಕಕ್ಕೆ ಸಹ ನಿರ್ದೇಶಕರು, ಕಾಸ್ಟಿಂಗ್ ಡೈರೆಕ್ಟರುಗಳಿಗೆ ತಿಂಗಳ ಮೊದಲೇ ಆಹ್ವಾನ ಕಳಿಸಬೇಕು. ಒಂದು ಮೆಸೇಜ್, ವಾರ ಮುಂಚೆ ಒಂದು ನೆನಪು, ಅಷ್ಟೇ.

ಇನ್ನು ಮ್ಯಾನೇಜರ್. ಕಾಸ್ಟಿಂಗ್ ಡೈರೆಕ್ಟರ್ ನಿರ್ಮಾಪಕರ ಪರ ಕೆಲಸ ಮಾಡುವವರು, ಮ್ಯಾನೇಜರ್ ನಟರ ಪರ. ಇಬ್ಬರಲ್ಲಿ ಯಾರೇ ಆಗಲಿ, ‘ನೋಂದಣಿ ಶುಲ್ಕ’ ಅಥವಾ ‘ಪೋರ್ಟ್‌ಫೋಲಿಯೋ ಖರ್ಚು’ ಎಂದು ಮುಂಗಡ ಕೇಳಿದರೆ ಅಲ್ಲಿಂದ ಎದ್ದು ಬರಬೇಕು. ಮ್ಯಾನೇಜರ್ ಕಮಿಷನ್ ಪಡೆಯಬೇಕಾದ್ದು ನಟನೆಯ ಸಂಭಾವನೆ ಕೈಗೆ ಬಂದ ಮೇಲೆ, ಅದರೊಳಗಿನಿಂದ. ಅಮೆರಿಕದ ನಟರ ಒಕ್ಕೂಟದ ನಿಯಮದಲ್ಲಿ ಏಜೆಂಟರ ಪಾಲು ಶೇ 10ಕ್ಕೆ ಸೀಮಿತ. ಮಾತುಕತೆಗೆ ಕೂತಾಗ ಆ ಅಂಕಿ ನೆನಪಿರಲಿ. ಅವರು ಈಗಾಗಲೇ ನೋಡಿಕೊಳ್ಳುತ್ತಿರುವ ಇಬ್ಬರು ಮೂವರು ಕಲಾವಿದರನ್ನು ವಿಚಾರಿಸಿದರೆ ಅರ್ಧ ಸತ್ಯ ಅಲ್ಲೇ ಸಿಗುತ್ತದೆ. ಆಡಿಷನ್ ಹೋಟೆಲ್ ಕೋಣೆಯಲ್ಲಿ ಎಂದರೆ ಹೋಗಕೂಡದು. ಆಫೀಸಿಗಾದರೂ ಜೊತೆಗೊಬ್ಬರು ಇರಲಿ.

ಅಗ್ರಿಮೆಂಟ್ ಬರವಣಿಗೆಯಲ್ಲಿರಬೇಕು, ಮೊದಲ ಸಲಕ್ಕೆ ಒಂದು ವರ್ಷ ಸಾಕು. ಸಿನಿಮಾ, ಧಾರಾವಾಹಿ, ಜಾಹೀರಾತು ಯಾವ್ಯಾವುದಕ್ಕೆ ಅನ್ವಯ, ರಂಗಭೂಮಿ ಅದರಿಂದ ಹೊರಗೋ, ಹಣ ಯಾರ ಖಾತೆಗೆ, ಬಿಡುವುದಾದರೆ ಎಷ್ಟು ದಿನದ ನೋಟಿಸ್ ಎಂಬುದು ಸ್ಪಷ್ಟವಿರಲಿ. ಅವಧಿ ಮುಗಿದ ಮೇಲೂ ಬೇರೆಯವರ ಜೊತೆ ದುಡಿಯಕೂಡದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದು ಕಷ್ಟ. 18 ತುಂಬದವರ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಓದದೆ ಸಹಿ ಹಾಕುವುದು ಬೇಡ. ಗದಗಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಳಿದವರಿಗೆ ಆದಾಯದ ಮಿತಿಯೊಳಗೆ, ಕಾನೂನು ಸಲಹೆ ಉಚಿತ. ಕರಡು ಪ್ರತಿ, ಆಧಾರ್ ಹಿಡಿದು ಒಂದು ಮುಂಜಾನೆ ಅಲ್ಲಿಗೆ ಹೋದರಾಯಿತು.