ನಾಲ್ಕು ಗೆರೆಗಳು



ವ್ರತೋಪವಾಸಗಳನ್ನು ಆಚರಿಸುವ ಶ್ರಾವಕನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇಷ್ಟು ವರ್ಷಗಳ ಆಚರಣೆಯಿಂದ ನನ್ನ ಕಷಾಯವು ಕಿಂಚಿತ್ತಾದರೂ ಮಂದವಾಯಿತೇ? ಮಾಡಿದ ಉಪವಾಸಗಳನ್ನು ಎಣಿಸುವುದು ಸುಲಭ. ಪಡೆದ ಶಾಂತಿಯನ್ನು ಅಳೆಯುವುದು ಕಷ್ಟ. ಆದರೂ ನಮ್ಮ ಆಚಾರ್ಯರು ಅದಕ್ಕೊಂದು ಅಳತೆಗೋಲನ್ನು ಕೊಟ್ಟಿದ್ದಾರೆ.

ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ರಚಿಸಿದ ಗೊಮ್ಮಟಸಾರದಲ್ಲಿ ಕ್ರೋಧದ ತರತಮವನ್ನು ನಾಲ್ಕು ಗೆರೆಗಳಿಗೆ ಹೋಲಿಸಲಾಗಿದೆ: ಶಿಲೆಯ ಮೇಲಿನ ಗೆರೆ, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ. ಈ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯನ್ನು ಬರೆದುದರಿಂದ ಇದು ನಮ್ಮ ನಾಡಿಗೆ ಪರಿಚಿತವಾದ ಪಾಠ. ಅದೇ ಗ್ರಂಥದ ಕರ್ಮಕಾಂಡದಲ್ಲಿ ಕಷಾಯಗಳ ವಾಸನಾಕಾಲವೂ ಉಕ್ತವಾಗಿದೆ. ಸಂಜ್ವಲನದ ವಾಸನೆ ಅಂತರ್ಮುಹೂರ್ತ, ಅಂದರೆ 48 ನಿಮಿಷಗಳೊಳಗಿನದು. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅನಂತಾನುಬಂಧಿಯದು ಭವಭವಗಳನ್ನು ದಾಟುವಂಥದು. ಗೆರೆಗಳ ದೃಷ್ಟಾಂತವನ್ನೂ ಈ ಕಾಲಮಾನವನ್ನೂ ಜೊತೆಗೂಡಿಸಿ ಬೋಧಿಸುವುದು ರೂಢಿ.

ಇವು ಏನನ್ನು ತಡೆಯುತ್ತವೆಂಬುದನ್ನು ಗಮನಿಸತಕ್ಕದ್ದು. ಅನಂತಾನುಬಂಧಿಯು ಸಮ್ಯಕ್ತ್ವವನ್ನು, ಅಪ್ರತ್ಯಾಖ್ಯಾನಾವರಣವು ಶ್ರಾವಕನ ದೇಶವ್ರತವನ್ನು, ಪ್ರತ್ಯಾಖ್ಯಾನಾವರಣವು ಮುನಿಯ ಸಕಲಚಾರಿತ್ರವನ್ನು, ಸಂಜ್ವಲನವು ಯಥಾಖ್ಯಾತ ಚಾರಿತ್ರವನ್ನು ತಡೆಯುತ್ತವೆ. ಹಾಗಾದರೆ ಆರು ತಿಂಗಳನ್ನೂ ಮೀರಿ ಹಗೆಯನ್ನು ಪೋಷಿಸುವವನು ಎಷ್ಟು ಅಷ್ಟಮಿ, ಚತುರ್ದಶಿಗಳನ್ನು ಆಚರಿಸಿದರೇನು? ಅವನ ಅಣುವ್ರತದ ಬುಡವೇ ಸಂಶಯಾಸ್ಪದವಾಯಿತು.

ಈ ಪಾಠವನ್ನು ನಾನು ಬಸದಿಯ ಪಾಠಶಾಲೆಯಲ್ಲಿ ಅನೇಕ ವರ್ಷ ಬೋಧಿಸಿದವನು. ಕರಿಹಲಗೆಯ ಮೇಲೆ ನಾಲ್ಕು ಗೆರೆಗಳನ್ನೆಳೆದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆ. ಅದೇ ಕಾಲದಲ್ಲಿ ನನ್ನ ಸ್ವಂತ ತಮ್ಮನೊಡನೆ ನನಗೆ ಮಾತಿರಲಿಲ್ಲ. 1991ರಲ್ಲಿ ಪಾಲಾದಾಗ ಅಡಿಕೆ ತೋಟದ ನೀರಿನ ಕಾಲುವೆಯ ವಿಷಯದಲ್ಲಿ ಹುಟ್ಟಿದ ಕಲಹವದು. ಪ್ರತಿ ವರ್ಷ ಕ್ಷಮಾವಾಣಿಯಂದು ಊರಿನವರೆಲ್ಲರಿಗೂ ಕೈಮುಗಿದು ಕ್ಷಮೆ ಬೇಡುತ್ತಿದ್ದೆ. ಅವನ ಮನೆಯ ಮುಂದೆ ಮಾತ್ರ ತಲೆತಗ್ಗಿಸಿ ನಡೆದುಬಿಡುತ್ತಿದ್ದೆ.

1997ರಲ್ಲಿ ಅನಂತ ಚತುರ್ದಶಿಯ ಉಪವಾಸ ಮುಗಿಸಿ ಪಾರಣೆಗೆ ಕುಳಿತಿದ್ದೆ. ಗಂಜಿ ಬಡಿಸುತ್ತಿದ್ದ ತಾಯಿಯವರು, “ಅನ್ನ ಬಿಡೋಕೆ ನಿಂಗೆ ಅಷ್ಟಮಿ, ಚತುರ್ದಶಿ ಇದೆ. ತಮ್ಮನ ಮೇಲಿನ ಸಿಟ್ಟು ಬಿಡೋಕೆ ಯಾವ ತಿಥಿ ಬರಬೇಕು ಮಗಾ?” ಎಂದರು. ನಾನು ಉತ್ತರಿಸಲಿಲ್ಲ. ನಿಜ ಹೇಳುವುದಾದರೆ, ತಾಯಿಯವರ ಮೇಲೆಯೇ ಕೋಪ ಬಂತು. ರಾತ್ರಿ ನಿದ್ರೆ ಬಾರದೆ ಲೆಕ್ಕ ಹಾಕಿದೆ: ಆರು ವರ್ಷ. ಆರು ತಿಂಗಳಿನ ಹನ್ನೆರಡು ಆವೃತ್ತಿಗಳು! ಮಕ್ಕಳಿಗೆ ಕಲಿಸಿದ ಪಾಠದಲ್ಲಿ ಮೇಷ್ಟರೇ ಅನುತ್ತೀರ್ಣರಾಗಿದ್ದರು.

ಮರುದಿನವೇ ತಮ್ಮನ ಮನೆಗೆ ಹೋದೆನೆಂದು ಓದುಗರು ಭಾವಿಸಬಾರದು. ಅಷ್ಟು ಧೈರ್ಯ ನನಗಿರಲಿಲ್ಲ. ಒಂದು ಪುಸ್ತಕವನ್ನು ಹೊಲಿದುಕೊಂಡು, ಸಂಜೆಯ ಸಾಮಾಯಿಕದ ನಂತರ, ಆ ದಿನ ಯಾರ ಮೇಲೆ ಕೋಪ ಬಂತು, ಹಳೆಯ ಕೋಪಗಳಲ್ಲಿ ಯಾವುದು ಉಳಿದಿದೆ ಎಂಬುದನ್ನು ಬರೆಯತೊಡಗಿದೆ. ತಮ್ಮನ ಹೆಸರು ಪುಟಪುಟದಲ್ಲಿಯೂ ಬರುತ್ತಿತ್ತು. ಬರೆಬರೆಯುತ್ತ ನನಗೇ ನಾಚಿಕೆಯಾಯಿತು. 1999ರ ಕ್ಷಮಾವಾಣಿಯಂದು ಹೋಗಿ ಅವನ ಬಾಗಿಲಲ್ಲಿ ನಿಂತೆ. “ಬನ್ನಿ ಅಣ್ಣಾ, ಒಳಗೆ ಬನ್ನಿ” ಎಂದನು. ಇಬ್ಬರಿಗೂ ಹೆಚ್ಚು ಮಾತು ಹೊರಡಲಿಲ್ಲ. ಕಾಲುವೆಯ ನೀರನ್ನು ದಿನ ಬಿಟ್ಟು ದಿನ ಹಂಚಿಕೊಳ್ಳುವ ಒಪ್ಪಂದವಾಗಲು ಮತ್ತೊಂದು ಬೇಸಿಗೆ ಕಳೆಯಿತು.

ಇಂದು ಆ ಪುಸ್ತಕಗಳನ್ನು ತಿರುವಿದರೆ, ತಿಂಗಳುಗಟ್ಟಲೆ ನಿಂತಿದ್ದ ಕೋಪಗಳು ಕ್ರಮೇಣ ವಾರಗಳಿಗೆ, ಅನಂತರ ದಿನಗಳಿಗೆ ಇಳಿದುದು ಕಾಣುತ್ತದೆ. ಕೋಪ ಇನ್ನೂ ಬರುತ್ತದೆ. ಆದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಸಾಮಾಯಿಕಕ್ಕೆ ಕುಳಿತಾಗ ಯಾರ ಮುಖವೂ ಅಡ್ಡ ಬಾರದಿರುವುದೇ ನಾನು ಕಂಡಿರುವ ಶಾಂತಿ. ಇದರಿಂದ ನನ್ನ ಗುಣಸ್ಥಾನವನ್ನು ನಿರ್ಣಯಿಸಲಾರೆ. ಅದು ಕೇವಲಜ್ಞಾನಿಗಳಿಗೆ ಗೋಚರ.

ಅಭ್ಯಾಸಕ್ಕಾಗಿ ಮೂರು ಸೂಚನೆಗಳು:

1. ಪ್ರತಿದಿನ ಸಾಮಾಯಿಕದ ಕೊನೆಯಲ್ಲಿ ಅಂದಿನ ಕೋಪವನ್ನು ತಿಥಿಸಹಿತ ಬರೆದಿಡಿರಿ.

2. ಪಾಕ್ಷಿಕ ಪ್ರತಿಕ್ರಮಣದಂದು ಪುಸ್ತಕವನ್ನು ನೋಡಿರಿ. ಪಕ್ಷವನ್ನು ದಾಟಿದ ಕೋಪವಿದ್ದರೆ, ಆರು ತಿಂಗಳಾಗುವ ಮೊದಲು ಆ ವ್ಯಕ್ತಿಯ ಬಾಗಿಲಿಗೆ ನೀವೇ ಹೋಗಿರಿ.

3. ಈ ಅಳತೆಗೋಲಿನಿಂದ ಪರರನ್ನು ಎಂದಿಗೂ ಅಳೆಯದಿರಿ.

ತಾಯಿಯವರು ಈಗಿಲ್ಲ. ಅಂದು ಅವರಿಗೆ ಕೊಡದ ಉತ್ತರವನ್ನು ಇಂದು ಕೊಡಬಲ್ಲೆ: ಅದಕ್ಕೆ ತಿಥಿಯನ್ನು ಕಾಯಬೇಕಾಗಿಲ್ಲ, ಅಮ್ಮಾ.