ಬಾನುಲಿಯಲ್ಲೊಬ್ಬ ಭಾಷಾವಿದ್ವಾಂಸ

ಎರಡನೆಯ ಮಹಾಯುದ್ಧವು ಕೇವಲ ತೋಪು ವಿಮಾನಗಳ ಯುದ್ಧವಾಗಿರದೆ ಬಾನುಲಿಯ ಯುದ್ಧವೂ ಆಗಿದ್ದಿತು. ಬರ್ಲಿನ್ ನಗರದಿಂದ ಹತ್ತಾರು ಭಾಷೆಗಳಲ್ಲಿ ಪ್ರಸಾರ ನಡೆಯುತ್ತಿದ್ದಿತು. 1942ರ ಫೆಬ್ರುವರಿಯಲ್ಲಿ ಸುಭಾಷ್‌ಚಂದ್ರ ಬೋಸರ ಧ್ವನಿ ಭಾರತವನ್ನು ತಲುಪಿದ್ದು ಅಲ್ಲಿಂದಲೇ ಎಂಬುದು ಸುವಿದಿತ. ಆದರೆ ಅದೇ ನಗರದಿಂದ, ಮಾತನಾಡುವವರೇ ವಿರಳವಾಗಿದ್ದ ಐರಿಷ್ ಭಾಷೆಯಲ್ಲಿಯೂ ಪ್ರಸಾರವಿತ್ತೆಂಬುದನ್ನು ಬಲ್ಲವರು ಕಡಮೆ. ಅದರ ಹೊಣೆ ಹೊತ್ತಿದ್ದವರು ರಾಜಕಾರಣಿಗಳಲ್ಲ, ವಿಶ್ವವಿದ್ಯಾಲಯದ ವಿದ್ವಾಂಸರು. ಅವರಲ್ಲಿ ಮುಖ್ಯರಾದ ಹಾನ್ಸ್ ಹಾರ್ಟ್‌ಮನ್ನರ ಜೀವನವು ಭಾಷೆ ಕಲಿಯುವವರೂ ಕಲಿಸುವವರೂ ಪರ್ಯಾಲೋಚಿಸತಕ್ಕುದಾಗಿದೆ.

ಹಾರ್ಟ್‌ಮನ್ನರು ಜರ್ಮನಿಯಲ್ಲಿ 1909ರಲ್ಲಿ ಜನಿಸಿದರು. ಬರ್ಲಿನ್ನಿನಲ್ಲಿ ತೌಲನಿಕ ಭಾಷಾಶಾಸ್ತ್ರವನ್ನೂ ಕೆಲ್ಟಿಕ್ ಭಾಷೆಗಳನ್ನೂ ಅಭ್ಯಾಸ ಮಾಡಿದರು. ಆ ಅಧ್ಯಯನಪೀಠದ ಚರಿತ್ರೆಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. 1920ರಿಂದ ಅದನ್ನು ಅಲಂಕರಿಸಿದ್ದವರು ಯೂಲಿಯಸ್ ಪೊಕೋರ್ನಿ ಎಂಬ ಮಹಾವಿದ್ವಾಂಸರು. ಸಂಸ್ಕೃತವೂ ಸೇರಿದ ಇಂಡೋ-ಯೂರೋಪಿಯನ್ ಭಾಷೆಗಳ ಧಾತುಕೋಶವನ್ನು ಮುಂದೆ ರಚಿಸಿದವರು ಇವರೇ. ಅವರ ಪೂರ್ವಜರಲ್ಲಿ ಯೆಹೂದ್ಯರಿದ್ದರೆಂಬ ಏಕೈಕ ಕಾರಣಕ್ಕೆ ನಾಟ್ಸಿ ಸರ್ಕಾರ ಅವರನ್ನು ಪದಚ್ಯುತಗೊಳಿಸಿತು. ತೆರವಾದ ಪೀಠಕ್ಕೆ ಬಂದವರು ಲುಡ್ವಿಗ್ ಮ್ಯೂಲ್‌ಹಾಸೆನ್. ಇವರೂ ಅವಿದ್ಯಾವಂತರಲ್ಲ, ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಜನರೊಡನೆ ಇದ್ದು ಭಾಷೆ ಕಲಿತವರು, ಡೊನೆಗಾಲ್ ಪ್ರಾಂತದ ಹತ್ತು ಜನಪದ ಕಥೆಗಳನ್ನು 1939ರಲ್ಲಿ ಪ್ರಕಟಿಸಿದವರು. ಆದರೆ ಹಿಟ್ಲರನು ಅಧಿಕಾರಕ್ಕೆ ಬರುವ ಮೊದಲೇ ಅವನ ಪಕ್ಷವನ್ನು ಸೇರಿದ್ದರು. ಪೊಕೋರ್ನಿಯವರು 1943ರಲ್ಲಿ ಸ್ವಿಟ್ಸರ್ಲೆಂಡಿಗೆ ತಪ್ಪಿಸಿಕೊಂಡು ಪ್ರಾಣ ಉಳಿಸಿಕೊಂಡರು.

ಹಾರ್ಟ್‌ಮನ್ನರು ಐರ್ಲೆಂಡಿಗೆ ತೆರಳಿದ್ದು 1937ರಲ್ಲಿ. ಅದೇ ವರ್ಷ ಅಲ್ಲಿನ ಹೊಸ ಸಂವಿಧಾನ ಐರಿಷ್ ಭಾಷೆಗೆ ಪ್ರಥಮ ರಾಜಭಾಷೆಯ ಸ್ಥಾನ ಕೊಟ್ಟಿತು. ಸ್ಥಾನವೇನೋ ದೊರೆಯಿತು, ಜನರ ನಾಲಗೆಯ ಮೇಲೆ ಆ ನುಡಿ ಉಳಿದಿದ್ದುದು ಮಾತ್ರ ಪಶ್ಚಿಮ ಕರಾವಳಿಯ ಬಡ ಬೆಸ್ತರ, ಒಕ್ಕಲುಗಳ ಮನೆಗಳಲ್ಲಿ. ಹಾರ್ಟ್‌ಮನ್ನರು ಅಂತಹ ಮನೆಗಳ ಒಲೆಯ ಬಳಿ ಕುಳಿತು ಕಥೆ ಕೇಳಿದರು. ಪುಸ್ತಕದಿಂದ ಬಾರದ ಉಚ್ಚಾರವನ್ನು ಕಿವಿಯಿಂದ ಪಡೆದರು. ಪರಕೀಯನೊಬ್ಬ ತಮ್ಮ ನುಡಿಯನ್ನು ಇಷ್ಟು ಶ್ರದ್ಧೆಯಿಂದ ಕಲಿಯುವುದನ್ನು ಕಂಡು, ಆಂಗ್ಲ ಭಾಷೆಯ ಮುಂದೆ ಹಿಂಜರಿದು ಬಾಳಿದ್ದ ಆ ಜನ ಎಷ್ಟು ಹಿಗ್ಗಿರಬೇಕು!

ಯುದ್ಧ ಘೋಷಣೆಯಾದೊಡನೆ, 1939ರ ಸೆಪ್ಟೆಂಬರಿನಲ್ಲಿ, ಹಾರ್ಟ್‌ಮನ್ನರು ಇತರ ಜರ್ಮನ್ನರೊಡನೆ ಸ್ವದೇಶಕ್ಕೆ ಮರಳಿದರು. ಅದೇ ಡಿಸೆಂಬರಿನಲ್ಲಿ ಮ್ಯೂಲ್‌ಹಾಸೆನ್ನರು ಐರಿಷ್ ಭಾಷೆಯಲ್ಲಿ ಮೊದಲ ಪ್ರಸಾರ ಮಾಡಿದರು. 1941ರಲ್ಲಿ ಈ ಕಾರ್ಯ ವಿಸ್ತಾರಗೊಂಡಿತು. ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕರೂ ಅಲ್ಲಿನ ನಾಟ್ಸಿ ಸಂಘಟನೆಯ ನಾಯಕರೂ ಆಗಿದ್ದ ಅಡಾಲ್ಫ್ ಮಾರ್ ಎಂಬ ಪುರಾತತ್ತ್ವಜ್ಞರು ಅದಕ್ಕೆ ಯೋಜನೆ ಸಿದ್ಧಪಡಿಸಿದರು. ಹಾರ್ಟ್‌ಮನ್ನರು ಪ್ರಸಾರ ವಿಭಾಗದ ಮುಖ್ಯಸ್ಥರಾದರು.

ಉದ್ದೇಶ ಸರಳವಾದುದು. ಐರ್ಲೆಂಡ್ ತಟಸ್ಥವಾಗಿತ್ತು, ಅದು ಬ್ರಿಟನ್ನಿನ ಪಕ್ಷಕ್ಕೆ ವಾಲದಂತೆ ನೋಡಿಕೊಳ್ಳಬೇಕಾಗಿತ್ತು. ಬ್ರಿಟಿಷರಿಂದ ಆ ನಾಡು ಅನುಭವಿಸಿದ ಬವಣೆ ಸುಳ್ಳಲ್ಲ, ದೇಶವಿಭಜನೆಯ ನೋವೂ ಸುಳ್ಳಲ್ಲ. ನಿಜವಾದ ಆ ಗಾಯವನ್ನೇ ಬಾನುಲಿ ದಿನದಿನವೂ ಕೆದಕಿತು. ಮತ್ತೊಂದು ದೇಶದ ದುಃಖಕ್ಕೆ ಮರುಗಿದ ಆ ಧ್ವನಿ, ತನ್ನ ದೇಶದಲ್ಲಿ ನಡೆಯುತ್ತಿದ್ದ ಘೋರ ಹತ್ಯೆಯನ್ನು ಮುಚ್ಚಿಟ್ಟ ಆಡಳಿತದ ಧ್ವನಿಯಾಗಿತ್ತು.

ಕೇಳುಗರು ಎಷ್ಟು ಮಂದಿ? ಇಲ್ಲಿ ಒಂದು ವಿಪರ್ಯಾಸವುಂಟು. ಐರಿಷ್ ನುಡಿಯುವ ಹಳ್ಳಿಗಳಲ್ಲಿ ವಿದ್ಯುತ್ತೇ ಇರಲಿಲ್ಲ. ಗ್ರಾಮೀಣ ವಿದ್ಯುದೀಕರಣ ಆರಂಭವಾದುದು 1946ರಲ್ಲಿ. ಬ್ಯಾಟರಿಯಿಂದ ನಡೆಯುವ ರೇಡಿಯೋ ಊರಿಗೊಂದಿದ್ದರೆ ಹೆಚ್ಚು. ರೇಡಿಯೋ ಉಳ್ಳ ಪಟ್ಟಣಿಗರಲ್ಲಿ ಬಹುಮಂದಿಗೆ ಐರಿಷ್ ಅರ್ಥವಾಗುತ್ತಿರಲಿಲ್ಲ. ಆದುದರಿಂದ ಆಂಗ್ಲ ಪ್ರಸಾರವನ್ನೂ ಕೂಡಿಸಬೇಕಾಯಿತು. ಬರ್ಲಿನ್ನಿನಲ್ಲಿ ಉಪನ್ಯಾಸಕರಾಗಿದ್ದ ಐರಿಷ್ ಕಾದಂಬರಿಕಾರ ಫ್ರಾನ್ಸಿಸ್ ಸ್ಟುವರ್ಟ್ 1942ರಿಂದ 1944ರವರೆಗೆ ಅದರಲ್ಲಿ ಮಾತನಾಡಿದರು. ತಪ್ಪದೆ ಕಿವಿಗೊಟ್ಟವರೆಂದರೆ ಡಬ್ಲಿನ್ನಿನ ಸೈನಿಕ ಗುಪ್ತಚರ ವಿಭಾಗದವರೇ ಇರಬೇಕು.

ಬರ್ಲಿನ್ನಿನ ಮೇಲೆ ಬಾಂಬು ದಾಳಿ ಹೆಚ್ಚಲು ವಿಭಾಗವು 1943ರಲ್ಲಿ ಲಕ್ಸೆಂಬರ್ಗಿಗೂ, ಮಿತ್ರಪಡೆಗಳು ಸಮೀಪಿಸಲು 1944ರಲ್ಲಿ ವಾಯವ್ಯ ಜರ್ಮನಿಯ ಆಪೆನ್ ಎಂಬ ಸಣ್ಣ ಊರಿಗೂ ಸ್ಥಳಾಂತರಗೊಂಡಿತು. ರಾಜ್ಯ ಕುಸಿಯುತ್ತಿದ್ದರೂ ಪ್ರಸಾರ ನಿಲ್ಲಲಿಲ್ಲ. ಅದು ಮೂಕವಾದುದು 1945ರ ಮೇ ತಿಂಗಳಲ್ಲಿ.

ಆ ಬಳಿಕ ಹಾರ್ಟ್‌ಮನ್ನರು ಅಧ್ಯಾಪನಕ್ಕೆ ಮರಳಿ ಹ್ಯಾಂಬರ್ಗಿನಲ್ಲಿ ಪ್ರಾಧ್ಯಾಪಕರಾದರು. ಐರ್ಲೆಂಡಿನ ಮೃತಾರಾಧನೆಯನ್ನು ಕುರಿತ ಅವರ ಗ್ರಂಥ 1952ರಲ್ಲಿ ಹೊರಬಂದಿತು. ಅದರ ಪಾಂಡಿತ್ಯವನ್ನು ಅಲ್ಲಗಳೆಯಲಾಗದು. ಪಾಂಡಿತ್ಯವು ಆ ವರ್ಷಗಳ ಲೆಕ್ಕವನ್ನು ತೀರಿಸಿತೆಂದೂ ಹೇಳಲಾಗದು.

1964ರಲ್ಲಿ ಅವರು ಗಾಲ್ವೇ ಪ್ರಾಂತದ ಕಾರ್ನಾ ಪರಿಸರದಲ್ಲಿ ಧ್ವನಿಮುದ್ರಣ ಯಂತ್ರದೊಡನೆ ಮತ್ತೆ ಹಳ್ಳಿಗರ ಮುಂದೆ ಕುಳಿತರು. ಈ ಸಾರಿ ಮಾತು ಅವರದಲ್ಲ, ಹಳ್ಳಿಗರದು. ಆ ಸಂಗ್ರಹವು ಇಬ್ಬರು ಐರಿಷ್ ವಿದ್ವಾಂಸರ ಸಹಕಾರದಿಂದ 1996ರಲ್ಲಿ ಅಚ್ಚಾಗುವಾಗ ಹಾರ್ಟ್‌ಮನ್ನರಿಗೆ ಎಂಬತ್ತೈದು ದಾಟಿತ್ತು. ನಾಲ್ಕು ವರ್ಷಗಳ ಅನಂತರ ತೀರಿಕೊಂಡರು. ಗ್ರಂಥಕ್ಕಿಟ್ಟ ಹೆಸರು ಐರಿಷ್ ಭಾಷೆಯದೇ: ರಾತ್ರಿ ನೆರೆಮನೆಯಲ್ಲಿ ಕೂಡಿ, ಬಹುಹೊತ್ತು ಎಚ್ಚರವಿದ್ದು ಮಾತನಾಡುವುದು ಎಂದು ಅದರ ಅರ್ಥ.