ಆಪತ್ಕಾಲದ ಚೀಲದಲ್ಲಿ ಕೇಬಲ್ ಟೈ

ಕಟ್ಟುವುದು ಮಾನವನು ಕಲಿತ ಅತಿ ಪುರಾತನ ವಿದ್ಯೆಗಳಲ್ಲೊಂದು. ಗುಡಿಸಲಿನ ಗಳುಗಳನ್ನು ಬಿಗಿಯಲು, ದನವನ್ನು ಗೂಟಕ್ಕೆ ಕಟ್ಟಲು, ಕೊಯ್ದ ಪೈರನ್ನು ಸಿವುಡು ಮಾಡಲು ಪುಂಡಿ, ಕತ್ತಾಳೆ, ತೆಂಗು ಮೊದಲಾದವುಗಳ ನಾರು ಸಾವಿರಾರು ವರ್ಷ ಒದಗಿ ಬಂದಿದೆ. ಒಕ್ಕಲುತನದ ಮನೆಗಳಲ್ಲಿ ಹುರಿ, ಕಣ್ಣಿ, ಮಿಣಿ, ಹಗ್ಗ ಎಂದು ಒಂದೊಂದಕ್ಕೂ ಪ್ರತ್ಯೇಕವಾದ ಹೆಸರೂ ಪ್ರತ್ಯೇಕವಾದ ಕೆಲಸವೂ ಉಂಟು. ಆದರೆ ಇವೆಲ್ಲವೂ ನಿಂತಿರುವುದು ಗಂಟಿನ ಮೇಲೆ. ಗಂಟು ಹಾಕಬೇಕಾದರೆ ಎರಡು ಕೈಗಳು ಬೇಕು, ತುಸು ಬೆಳಕು ಬೇಕು, ಮನಸ್ಸಿಗೆ ಸಮಾಧಾನ ಬೇಕು. ಆಪತ್ತು ಬಂದೊದಗಿದ ಗಳಿಗೆಯಲ್ಲಿ ಈ ಮೂರೂ ದುರ್ಲಭವಾಗುವುವು.

2009ರ ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕವನ್ನು ಆವರಿಸಿದ ಪ್ರವಾಹದಲ್ಲಿಯೂ, 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಹರಿದಾಗಲೂ ಸಹಸ್ರಾರು ಕುಟುಂಬಗಳು ಕೈಗೆ ಸಿಕ್ಕಿದ್ದನ್ನು ಹೊತ್ತು ಮನೆ ಬಿಡಬೇಕಾಯಿತು. ಇಂಥ ಸಂದರ್ಭಕ್ಕಾಗಿ ಪ್ರತಿ ಮನೆಯಲ್ಲಿಯೂ ಒಂದು ಚೀಲ ಸಿದ್ಧವಾಗಿರಬೇಕೆಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ತಿಳಿಸುತ್ತದೆ. ಟಾರ್ಚು, ರೇಡಿಯೋ, ಔಷಧಿ, ಒಣ ಆಹಾರ, ನೀರು, ಚಾಕುಗಳ ಜೊತೆಗೆ ಹಗ್ಗ ಮತ್ತು ಹುರಿಗಳೂ ಅದರ ಪಟ್ಟಿಯಲ್ಲಿವೆ. ಆ ಹುರಿಯ ಪಕ್ಕದಲ್ಲಿ ಇಡತಕ್ಕ ಇನ್ನೊಂದು ವಸ್ತುವೆಂದರೆ, ವಿದ್ಯುತ್ ಸಾಮಾನಿನ ಅಂಗಡಿಗಳಲ್ಲೆಲ್ಲ ದೊರೆಯುವ ಕೇಬಲ್ ಟೈ.

ಈ ವಸ್ತುವಿನ ಹುಟ್ಟಿಗೆ ಕಾರಣವಾದದ್ದು ನೊಂದ ಕೈಗಳೇ. ಅಮೆರಿಕದ ಥಾಮಸ್ ಅಂಡ್ ಬೆಟ್ಸ್ ಕಂಪನಿಯಲ್ಲಿದ್ದ ಮಾರಸ್ ಲೋಗನ್ ಎಂಬವರು 1956ರಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಯನ್ನು ನೋಡಲು ಹೋಗಿದ್ದರು. ವಿಮಾನದೊಳಗಿನ ತಂತಿಗಳ ಕಂತೆಗಳನ್ನು ಕೆಲಸಗಾರರು ಮೇಣ ಸವರಿದ ದಾರದಿಂದ ಗಂಟು ಹಾಕಿ ಬಿಗಿಯುತ್ತಿದ್ದರು. ದಾರವನ್ನು ಬೆರಳಿಗೆ ಸುತ್ತಿಕೊಂಡು ಎಳೆಯುವುದರಿಂದ ಬೆರಳುಗಳು ಕೊಯ್ದುಹೋಗುತ್ತಿದ್ದವು. ಇದನ್ನು ಕಂಡ ಲೋಗನ್ ಅವರು ಗಂಟಿಲ್ಲದ ಕಟ್ಟನ್ನು ಕಲ್ಪಿಸಿ, 1958ರಲ್ಲಿ ಅದಕ್ಕೆ ಪೇಟೆಂಟ್ ಕೋರಿದರು. ವಿಮಾನದ ಹೊಟ್ಟೆಯೊಳಗಿಗೆಂದು ಹುಟ್ಟಿದ್ದು ಮನೆಯ ತಂತಿಗಳಿಗೂ ತೋಟದ ಬೇಲಿಗೂ ಇಳಿದು ಬಂದಿತು.

ಇದರ ರಚನೆ ಸರಳವಾದುದು. ನೈಲಾನಿನ ಪಟ್ಟಿಯ ಒಂದು ಮುಖದಲ್ಲಿ ಸಾಲಾಗಿ ಸಣ್ಣ ಹಲ್ಲುಗಳಿರುತ್ತವೆ. ಪಟ್ಟಿಯ ಒಂದು ತುದಿಯಲ್ಲಿರುವ ತಲೆಯ ರಂಧ್ರದೊಳಗೆ ಒಂದು ಪುಟ್ಟ ನಾಲಗೆಯಿರುತ್ತದೆ. ಪಟ್ಟಿಯನ್ನು ತೂರಿಸಿ ಎಳೆದಂತೆ ನಾಲಗೆಯು ಬಾಗಿ ಒಂದೊಂದು ಹಲ್ಲಿಗೂ ದಾರಿ ಬಿಡುತ್ತದೆ; ಹಿಂದಕ್ಕೆ ಎಳೆದರೆ ಹಲ್ಲನ್ನು ಕಚ್ಚಿ ಹಿಡಿಯುತ್ತದೆ. ಸೈಕಲ್ಲಿನ ಪೆಡಲನ್ನು ಹಿಂದಕ್ಕೆ ತುಳಿದಾಗ ಫ್ರೀವೀಲಿನೊಳಗೆ ಕೇಳಿಬರುವ ಟಕಟಕ ಸದ್ದಿಗೂ ಇದೇ ತತ್ತ್ವವು ಆಧಾರ. ಮಳೆಯಲ್ಲಿ ನೆನೆದ ಕೈಗೂ, ಕತ್ತಲಲ್ಲಿ ನಡುಗುವ ಕೈಗೂ ಈ ಕೆಲಸ ಸಾಧ್ಯ. ತುದಿಯನ್ನು ಒಮ್ಮೆ ತೂರಿಸಿದ ಮೇಲೆ ಒಂದೇ ಕೈಯಿಂದಲೂ ಎಳೆಯಬಹುದು. ನೆನೆದ ಹುರಿಯ ಗಂಟು ಜಾರುವಂತೆ ಇದು ಜಾರುವುದಿಲ್ಲ.

ಉಪಯೋಗಗಳನ್ನೆಲ್ಲ ಪಟ್ಟಿ ಮಾಡುವುದು ಅನಾವಶ್ಯಕ. ಒಂದೆರಡನ್ನು ವಿವರಿಸಿದರೆ ಉಳಿದವು ತಾವಾಗಿಯೇ ಹೊಳೆಯುವುವು. ತಾತ್ಕಾಲಿಕ ಆಸರೆಗೆ ಕಟ್ಟಿದ ತಾಡಪತ್ರಿಯು ಗಾಳಿಗೆ ಮೊದಲು ಹರಿಯುವುದು ಮೂಲೆಯ ಕಣ್ಣಿನಲ್ಲಿ. ಹಾಗೆ ಹರಿದಾಗ ನುಣುಪಾದ ಒಂದು ಸಣ್ಣ ಕಲ್ಲನ್ನು ಆ ಮೂಲೆಯ ಬಟ್ಟೆಯಲ್ಲಿಟ್ಟು, ಮಡಿಚಿ, ಕಲ್ಲಿನ ಕೊರಳಿಗೆ ಕೇಬಲ್ ಟೈ ಬಿಗಿದರೆ ಹೊಸದೊಂದು ಹಿಡಿತ ಸಿದ್ಧವಾಗುತ್ತದೆ. ಹಗ್ಗವನ್ನು ಆ ಕೊರಳಿಗೇ ಕಟ್ಟಬಹುದು. ಕಿತ್ತುಹೋದ ಚೀಲದ ಹಿಡಿಕೆ, ಬಾಯಿಬಿಟ್ಟ ಬೂಟಿನ ಅಟ್ಟೆ, ಕೋಲಿನ ತುದಿಗೆ ನಿಲ್ಲಿಸಬೇಕಾದ ಟಾರ್ಚು, ಕಾಗದಪತ್ರಗಳನ್ನು ತುಂಬಿದ ಪ್ಲಾಸ್ಟಿಕ್ ಚೀಲದ ಬಾಯಿ ಇವೆಲ್ಲ ಒಂದೆರಡು ನಿಮಿಷದ ಕೆಲಸ. ಒಂದರ ಉದ್ದ ಸಾಲದಿದ್ದರೆ ಒಂದರ ತಲೆಗೆ ಇನ್ನೊಂದರ ತುದಿಯನ್ನು ತೂರಿಸಿ ಉದ್ದವಾಗಿಸಬಹುದು.

ಆದರೆ ಇದರ ಬಲವನ್ನು ಮೀರಿ ನಂಬುವುದು ಅಪಾಯಕರ. ಸಾಮಾನ್ಯವಾಗಿ 2.5 ಮಿಲಿಮೀಟರ್ ಅಗಲದ ಪಟ್ಟಿ ಸುಮಾರು 8 ಕಿಲೋಗ್ರಾಂ, 4.8 ಮಿಲಿಮೀಟರ್ ಅಗಲದ್ದು ಸುಮಾರು 22 ಕಿಲೋಗ್ರಾಂ, 7.6 ಮಿಲಿಮೀಟರ್ ಅಗಲದ್ದು ಸುಮಾರು 54 ಕಿಲೋಗ್ರಾಂ ಎಳೆತವನ್ನು ತಡೆಯುತ್ತದೆ. ಇದು ನೆಟ್ಟಗೆ, ನಿಧಾನವಾಗಿ ಎಳೆದಾಗಿನ ಲೆಕ್ಕ. ಹಠಾತ್ತನೆ ಬೀಳುವ ಎಳೆತಕ್ಕೆ, ತಗಡಿನ ಹರಿತವಾದ ಅಂಚಿಗೆ ಅದೇ ಪಟ್ಟಿ ಕ್ಷಣದಲ್ಲಿ ತುಂಡಾಗುತ್ತದೆ. ಆದುದರಿಂದ ಮನುಷ್ಯನ ಭಾರ ಬೀಳುವ ಯಾವ ಕೆಲಸಕ್ಕೂ, ಅಂದರೆ ಗಾಯಾಳುವನ್ನು ಹೊರುವ ಡೋಲಿಗಾಗಲಿ ನೀರಿಗಿಳಿಸುವ ತೆಪ್ಪಕ್ಕಾಗಲಿ ಇದು ಸಲ್ಲದು. ಅಲ್ಲಿ ಹಗ್ಗವೇ ಗತಿ. ಒಲೆಯ ಬಳಿ, ವಾಹನದ ಸೈಲೆನ್ಸರಿನ ಬಳಿಯೂ ಇದನ್ನು ಕಟ್ಟಕೂಡದು.

ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯತಕ್ಕ ವಿಷಯವು ಬೇರೆಯೇ ಇದೆ. ಬಿಗಿದದ್ದು ಮರಳಿ ಸಡಿಲವಾಗದೆಂಬ ಗುಣವೇ ಮನುಷ್ಯನ ಮೈಮೇಲೆ ಮಹಾದೋಷವಾಗುತ್ತದೆ. ನೆರೆಯ ಕಾಲದಲ್ಲಿ ಹಾವುಗಳೂ ಬಿಲ ಬಿಟ್ಟು ಒಣನೆಲವನ್ನು ಅರಸಿ ಮನೆಗಳತ್ತ ಬರುವುವು. ಕಚ್ಚಿದ ಜಾಗದ ಮೇಲ್ಗಡೆ ಬಿಗಿಯಾಗಿ ಕಟ್ಟಬೇಕೆಂಬ ತಪ್ಪು ನಂಬಿಕೆ ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ಚೀಲದಲ್ಲಿ ಕೇಬಲ್ ಟೈ ಇದ್ದರೆ ಕೈ ಅದರತ್ತಲೇ ಹೋದೀತು. ಅದನ್ನು ಕಾಲಿಗೆ ಬಿಗಿದರೆ ರಕ್ತಸಂಚಾರ ನಿಂತು ಮಾಂಸ ಸಾಯುತ್ತದೆ. ಕೊಳಕುಮಂಡಲದ ಕಡಿತದಲ್ಲಂತೂ ಬಾವು ಗಳಿಗೆ ಗಳಿಗೆಗೂ ಏರುವುದರಿಂದ ಪಟ್ಟಿಯು ಮಾಂಸದೊಳಕ್ಕೆ ಇಳಿಯುತ್ತದೆ. ಕಚ್ಚಿಸಿಕೊಂಡವನನ್ನು ನಡೆಸದೆ, ಆ ಅಂಗವನ್ನು ಅಲುಗಿಸದೆ, ವಿಷಪ್ರತಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯುವುದೇ ಯುಕ್ತವಾದ ಕ್ರಮ. ಬೇರೆ ಯಾರಾದರೂ ಈಗಾಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ಅದನ್ನು ದಾರಿಯಲ್ಲಿ ಥಟ್ಟನೆ ಬಿಚ್ಚದೆ ವೈದ್ಯರ ಎದುರಿನಲ್ಲಿಯೇ ಬಿಚ್ಚಿಸಬೇಕು. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನರು ಹಾವಿನ ಕಡಿತದಿಂದ ಸಾಯುತ್ತಾರೆಂದು 2000ದಿಂದ 2019ರವರೆಗಿನ ಅವಧಿಯನ್ನು ಕುರಿತ ಅಂದಾಜು ಹೇಳುತ್ತದೆ. ಕರ್ನಾಟಕ ಸರ್ಕಾರವು 2024ರಲ್ಲಿ ಪ್ರತಿಯೊಂದು ಹಾವಿನ ಕಡಿತವನ್ನೂ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು.

ರಕ್ತಸ್ರಾವವನ್ನು ನಿಲ್ಲಿಸಲೂ ಇದು ತಕ್ಕುದಲ್ಲ. ಪ್ರಾಣಾಪಾಯದ ರಕ್ತಸ್ರಾವಕ್ಕೆ ಬಳಸುವ ಪಟ್ಟಿಯು ಸುಮಾರು 4 ಸೆಂಟಿಮೀಟರ್ ಅಗಲವಾದರೂ ಇರಬೇಕು. ಕಿರಿದಾದ ಪಟ್ಟಿ ನರಗಳನ್ನು ಕೆಡಿಸುತ್ತದೆ. ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯುವುದು ಮೊದಲ ಕೆಲಸ. ಮುರಿದ ಕೈಗೆ ದಬ್ಬೆ ಕಟ್ಟುವಾಗಲೂ ಬಟ್ಟೆಯ ಪಟ್ಟಿಯೇ ಮೇಲು, ಏಕೆಂದರೆ ಬಾವು ಬಂದಂತೆ ಅದನ್ನು ಸಡಿಲಿಸಬಹುದು. ಸ್ಕೌಟುಗಳು ಕಲಿಯುವ ರೀಫ್ ಗಂಟು ಈ ವಿಷಯದಲ್ಲಿ ಹೊಸ ವಸ್ತುವನ್ನು ಸುಲಭವಾಗಿ ಸೋಲಿಸುತ್ತದೆ.

ಇನ್ನು ಶೇಖರಣೆಯ ಮಾತು. ನೈಲಾನು ಗಾಳಿಯ ತೇವವನ್ನು ಹೀರಿಕೊಂಡೇ ಬಳುಕುವ ಗುಣವನ್ನು ಉಳಿಸಿಕೊಳ್ಳುತ್ತದೆ. ಬೇಸಿಗೆಯ ಒಣಹವೆಯಲ್ಲಿ ಬಾಯಿ ತೆರೆದಿಟ್ಟ ಕಟ್ಟಿನ ಪಟ್ಟಿಗಳು ಬಾಗಿಸಿದೊಡನೆ ಲಟಕ್ಕೆಂದು ಮುರಿಯುವುದುಂಟು. ಆದುದರಿಂದ ಬಾಯಿ ಮುಚ್ಚಿದ ಚೀಲದಲ್ಲಿ, ಬಿಸಿಲು ಬೀಳದ ಕಡೆ ಇಡಬೇಕು. ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಕಾಡಿಗೆಯಂಥ ಇಂಗಾಲದ ಪುಡಿ ಬೆರೆಸಿದ ಕಪ್ಪು ಬಣ್ಣದ್ದು ಹೊರಗಿನ ಕೆಲಸಕ್ಕೆ ಹೆಚ್ಚು ಬಾಳುತ್ತದೆ. ಮುಂಗಾರಿಗೆ ಮೊದಲು ಒಂದನ್ನು ತೆಗೆದು ಬಾಗಿಸಿ ಪರೀಕ್ಷಿಸುವುದು ಒಳ್ಳೆಯದು. ಕತ್ತರಿಸಿದ ತುಂಡುಗಳನ್ನು ಹೊಲದಲ್ಲಿ ಬಿಸಾಡಿದರೆ ಮೇವಿನೊಂದಿಗೆ ದನದ ಹೊಟ್ಟೆ ಸೇರುವ ಸಂಭವವುಂಟು.

ಒಂದು ಮನೆಯ ಚೀಲಕ್ಕೆ 4.8 ಮಿಲಿಮೀಟರಿನವು ಇಪ್ಪತ್ತು, 7.6 ಮಿಲಿಮೀಟರಿನವು ಹತ್ತು ಸಾಕು. ದಪ್ಪನೆಯ ಸೂಜಿಯ ಮೊನೆಯಿಂದ ತಲೆಯೊಳಗಿನ ನಾಲಗೆಯನ್ನು ಎತ್ತಿ ಹಿಡಿದರೆ ಕಟ್ಟನ್ನು ಬಿಚ್ಚಿ ಮತ್ತೊಮ್ಮೆ ಬಳಸಬಹುದು. ಆದರೆ ಅದಕ್ಕೆ ಬೆಳಕೂ ಬಿಡುವೂ ಬೇಕು. ಆದಕಾರಣ ತಂತಿ ಕತ್ತರಿಸುವ ಸಣ್ಣ ಇಕ್ಕಳವೊಂದು ಜೊತೆಯಲ್ಲಿ ಇರಲೇಬೇಕು. ಆ ಇಕ್ಕಳವನ್ನು ಚೀಲಕ್ಕೆ ಕಟ್ಟುವುದು ಮಾತ್ರ ಹುರಿಯಿಂದ. ಕೇಬಲ್ ಟೈಯಿಂದ ಕಟ್ಟಿದರೆ ಅದನ್ನು ಬಿಡಿಸಲು ಮತ್ತೊಂದು ಇಕ್ಕಳವನ್ನು ಹುಡುಕಬೇಕಾದೀತು.